ಮೂಡದ ಎಚ್ಚರಿಕೆಯ ಹೊಣೆ

ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಎರಡು ಪತನಗಳಲ್ಲಿ 346 ಜೀವಗಳು ಬಲಿಯಾಗಿ ವರ್ಷಗಳೇ ಸಂದಿವೆ. ಒಂದೇ ಸಂವೇದಕದ ಅಳತೆಯನ್ನು ನಂಬಿ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿದ ‘ಎಂಕಾಸ್’ ತಂತ್ರಾಂಶದ ಕುರಿತು ವಿಸ್ತೃತ ವಿಚಾರಣೆ ನಡೆದಿದೆ. ವರದಿಗಳು ಬಂದಿವೆ, ಪರಿಹಾರ ನೀಡಲಾಗಿದೆ, ವಿಮಾನಗಳು ಪುನಃ ಹಾರುತ್ತಿವೆ. ಆದರೆ ಅದೇ ವಿಮಾನದ ಇನ್ನೊಂದು ಲೋಪಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮೂಡಬೇಕಿದ್ದ ಒಂದು ಎಚ್ಚರಿಕೆ ಮೂಡದೇ ಹೋದ ಪ್ರಕರಣ ಅದು.

ಎದುರಿನಿಂದ ಬೀಸುವ ಗಾಳಿಗೂ ವಿಮಾನದ ರೆಕ್ಕೆಗೂ ನಡುವಣ ಕೋನವನ್ನು ಅಳೆಯಲು ಮ್ಯಾಕ್ಸ್‌ನ ಎಡಬಲಗಳಲ್ಲಿ ಒಂದೊಂದು ಸಂವೇದಕವಿದೆ. ಎರಡರ ಅಳತೆ ತಾಳೆಯಾಗದಿದ್ದಾಗ ಪೈಲಟ್‌ಗಳ ಪರದೆಯಲ್ಲಿ ‘ಎಒಎ ಡಿಸಗ್ರೀ’ ಎಂಬ ಸೂಚನೆ ಕಾಣಿಸಬೇಕಿತ್ತು. ಪ್ರತಿಯೊಂದು ಮ್ಯಾಕ್ಸ್ ವಿಮಾನಕ್ಕೂ ಇದು ಮೂಲ ಸೌಲಭ್ಯವೆಂದೇ ನಿಗದಿಯಾಗಿತ್ತು. ಕೋನವನ್ನು ಪರದೆಯಲ್ಲಿ ತೋರಿಸುವ ಪ್ರತ್ಯೇಕ ಸೂಚಕವಾದರೋ ಖರೀದಿದಾರರ ಆಯ್ಕೆಗೆ ಬಿಟ್ಟದ್ದು. ಪರದೆಯ ತಂತ್ರಾಂಶ ಈ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿತು. ಪರಿಣಾಮವಾಗಿ, ಸೂಚಕವನ್ನು ಬಯಸದ ಸಂಸ್ಥೆಗಳ ವಿಮಾನಗಳಲ್ಲಿ ಎಚ್ಚರಿಕೆಯೂ ನಿಷ್ಕ್ರಿಯವಾಗಿ ಉಳಿಯಿತು.

ಸಾವಿರಾರು ಆಯ್ಕೆಗಳ ತಂತ್ರಾಂಶದಲ್ಲಿ ಇಂತಹ ತಪ್ಪು ನುಸುಳುವುದು ಅಸಾಧ್ಯವೇನಲ್ಲ. ಗಂಭೀರವಾದದ್ದು ತಪ್ಪು ತಿಳಿದ ಮೇಲಿನ ನಡವಳಿಕೆ. ಕಂಪನಿಯ ಎಂಜಿನಿಯರುಗಳು 2017ರಲ್ಲೇ ಇದನ್ನು ಗುರುತಿಸಿದ್ದರು. ಸುರಕ್ಷತೆಗೆ ಇದರಿಂದ ಬಾಧೆಯಿಲ್ಲವೆಂದು ಆಂತರಿಕವಾಗಿ ತೀರ್ಮಾನಿಸಿದ ಬೋಯಿಂಗ್, ತಿದ್ದುಪಡಿಯನ್ನು 2020ಕ್ಕೆ ಮುಂದೂಡಿತು. ಎರಡು ಪತನಗಳಲ್ಲಿ ಮೊದಲನೆಯದಾದ ಇಂಡೊನೇಷ್ಯಾದ ಲಯನ್ ಏರ್ ವಿಮಾನದ ಪತನದವರೆಗೆ ಈ ಸಂಗತಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಗಾಗಲೀ ವಿಮಾನಗಳನ್ನು ಕೊಂಡ ಸಂಸ್ಥೆಗಳಿಗಾಗಲೀ ಗೊತ್ತಿರಲಿಲ್ಲ. ಬರೆಯುವಾಗ ಆದದ್ದು ಪ್ರಮಾದ. ತಿಳಿದೂ ತಿಳಿಸದೆ ಉಳಿದದ್ದು ನಿರ್ಧಾರ. ಪ್ರಮಾದಕ್ಕೆ ಕ್ಷಮೆ ಇರಬಹುದು, ನಿರ್ಧಾರಕ್ಕೆ ಹೊಣೆಗಾರರು ಇರಲೇಬೇಕು.

ಲಯನ್ ಏರ್ ವಿಮಾನದ ಎಡ ಸಂವೇದಕ ಸುಮಾರು 21 ಡಿಗ್ರಿ ತಪ್ಪು ಅಳತೆ ನೀಡುತ್ತಿತ್ತು. ಅದೇ ವಿಮಾನ ಹಿಂದಿನ ರಾತ್ರಿ ಡೆನ್ಪಸಾರ್‌ನಿಂದ ಜಕಾರ್ತಾಕ್ಕೆ ಇದೇ ತೊಂದರೆಯೊಡನೆ ಹಾರಿ ಕ್ಷೇಮವಾಗಿ ಇಳಿದಿತ್ತು. ಎಚ್ಚರಿಕೆ ಮೂಡದ ಕಾರಣ ಪೈಲಟ್‌ಗಳು ಅದನ್ನು ದಾಖಲಿಸಲಾರದೆ ಹೋದರು; ದಾಖಲೆ ಇಲ್ಲದ ಕಾರಣ ದೋಷವನ್ನು ಪತ್ತೆಹಚ್ಚಲು ದುರಸ್ತಿ ಸಿಬ್ಬಂದಿಗೆ ಆ ಸುಳಿವು ಒದಗಲಿಲ್ಲ. 2018ರ ಅಕ್ಟೋಬರ್ 29ರ ಬೆಳಿಗ್ಗೆ ಅದೇ ವಿಮಾನದಲ್ಲಿ ಹೊರಟ 189 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಂಡೊನೇಷ್ಯಾದ ತನಿಖಾ ಸಮಿತಿ ಹೆಸರಿಸಿದ ಒಂಬತ್ತು ಕಾರಣಗಳಲ್ಲಿ ಈ ಎಚ್ಚರಿಕೆಯ ಅಭಾವವೂ ಒಂದು. ಇದೊಂದೇ ಆ ದುರಂತವನ್ನು ತಪ್ಪಿಸುತ್ತಿತ್ತೆಂದು ಹೇಳಲಾಗದು. ಆದರೆ 2020ರ ನವೆಂಬರ್‌ನಲ್ಲಿ ಮರುಹಾರಾಟಕ್ಕೆ ಅನುಮತಿಸುವಾಗ ಎಫ್‌ಎಎ ಇದೇ ತಿದ್ದುಪಡಿಯನ್ನೂ ಕಡ್ಡಾಯಗೊಳಿಸಿತು. ಸುರಕ್ಷತೆಗೆ ಬಾಧೆಯಿಲ್ಲವೆಂಬ ಹಳೆಯ ತೀರ್ಮಾನಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಒಂದೇ ತಂತ್ರಾಂಶ ಇಂದು ನೂರಾರು ರೂಪಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ವಿಮಾನ, ಕಾರು, ವೈದ್ಯಕೀಯ ಉಪಕರಣ, ವಿದ್ಯುತ್ ಜಾಲ ಯಾವುದೇ ಇರಲಿ, ಗ್ರಾಹಕನ ಆಯ್ಕೆಗೆ ತಕ್ಕಂತೆ ಸೌಲಭ್ಯಗಳು ಸೇರುತ್ತವೆ, ಕಳಚುತ್ತವೆ. ಅದು ವ್ಯಾಪಾರದ ಅನಿವಾರ್ಯತೆ. ಆದರೆ ಚಾಲನೆಯಲ್ಲಿರುವ ವ್ಯವಸ್ಥೆಯ ಮೇಲೆ ಕಣ್ಣಿಡುವ ಭಾಗವೂ ಅದರೊಡನೆ ಬದಲಾಗುತ್ತಿದ್ದರೆ, ಪ್ರತಿಯೊಂದು ರೂಪದಲ್ಲೂ ಅದು ಎಚ್ಚೆತ್ತಿದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸುವುದು ತಯಾರಕನ ಕರ್ತವ್ಯ. ಒಂದು ಮಾದರಿಯನ್ನಷ್ಟೇ ಪರೀಕ್ಷಿಸಿ ಉಳಿದವನ್ನು ಊಹೆಗೆ ಬಿಡುವುದು ಪರೀಕ್ಷೆ ಎನಿಸದು. ಪರದೆ ಸುಮ್ಮನಿದ್ದರೆ ಎಲ್ಲವೂ ಸರಿಯಿದೆಯೆಂದೇ ಬಳಕೆದಾರ ಭಾವಿಸುತ್ತಾನೆ; ಎಚ್ಚರಿಸುವ ಭಾಗವೇ ಸತ್ತಿದೆಯೆಂದು ತಿಳಿಯುವ ದಾರಿ ಅವನಿಗಿಲ್ಲ.

ಈ ಮಾತು ಕರ್ನಾಟಕಕ್ಕೂ ಸಲ್ಲುತ್ತದೆ. ಬೋಯಿಂಗ್‌ನ 43 ಎಕರೆಗಳ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾದದ್ದು ದೇವನಹಳ್ಳಿಯ ಬಳಿ. ಜಗತ್ತಿನ ಅನೇಕ ಯಂತ್ರಗಳ ತಂತ್ರಾಂಶ ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿರುವಾಗ, ದೋಷ ಕಂಡ ಎಂಜಿನಿಯರನ ದನಿ ಬಿಡುಗಡೆಯ ವೇಳಾಪಟ್ಟಿಯಲ್ಲಿ ಅಡಗಿಹೋಗದಂತೆ ಕಾಯುವ ಹೊಣೆ ಇಲ್ಲಿನ ಸಂಸ್ಥೆಗಳ ಮೇಲೂ ಇದೆ. ಕಣ್ಗಾವಲಿನ ಲೋಪ ಪತ್ತೆಯಾದ ಕೂಡಲೇ ಅದನ್ನು ನಿಯಂತ್ರಕರಿಗೂ ಬಳಕೆದಾರರಿಗೂ ತಿಳಿಸುವುದು ಕಾನೂನಿನ ಕಡ್ಡಾಯವಾಗಬೇಕು. ಸೌಲಭ್ಯಗಳಲ್ಲಿ ಗ್ರಾಹಕನಿಗೆ ಆಯ್ಕೆ ಇರಲಿ. ಎಚ್ಚರಿಕೆ ನೀಡುವ ವಿಷಯದಲ್ಲಿ ತಯಾರಕನಿಗೆ ಆಯ್ಕೆ ಇರಕೂಡದು.