ಹಾರುವ ಮುನ್ನ ಓಡಲು ನೆಲ ಬೇಕು

ಹಾರುವ ಹಂಬಲವು ಮಾನವನಿಗೆ ಇಂದು ಹುಟ್ಟಿದುದಲ್ಲ. ಹನುಮಂತನ ಸಮುದ್ರಲಂಘನವನ್ನೂ ಪುಷ್ಪಕವಿಮಾನವನ್ನೂ ಕೇಳುತ್ತ ಬೆಳೆದ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಈಗ ಅದೇ ಹಂಬಲವು ವಿಡಿಯೋ ಆಟಗಳಲ್ಲಿ ಮೈದಾಳಿದೆ. ಆಟವೆಂದರೆ ಕಾಲಹರಣವೆಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಹಳೆಯ ಜಿಗಿತದ ಆಟಗಳನ್ನು ರಚಿಸಿದವರು ಹಾರಾಟಕ್ಕೆ ವಿಧಿಸಿದ ಕಟ್ಟಳೆಗಳು ವಿಚಾರಯೋಗ್ಯವಾಗಿವೆ.

ಈ ಆಟಗಳ ಜೀವಾಳವೇ ಜಿಗಿತ. ಕಂದಕವನ್ನು ದಾಟಬೇಕು, ಶತ್ರುವಿನ ತಲೆಯ ಮೇಲೆ ಕಾಲಿಡಬೇಕು. ಆಟಗಾರನಿಗೆ ಸುಮ್ಮನೆ ರೆಕ್ಕೆ ಕೊಟ್ಟುಬಿಟ್ಟರೆ ಕಂದಕದ ಭಯವೂ ಇಲ್ಲ, ಆಟದ ಸುಖವೂ ಇಲ್ಲ. ಆದುದರಿಂದ ರೆಕ್ಕೆಗೆ ಬೆಲೆ ಕಟ್ಟಬೇಕಾಯಿತು.

ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೮ರಲ್ಲಿ ಹೊರತಂದ 'ಸೂಪರ್ ಮಾರಿಯೊ ಬ್ರದರ್ಸ್ ೩' ಎಂಬ ಆಟದಲ್ಲಿ ಒಂದು ಎಲೆ ದೊರೆತರೆ ಮಾರಿಯೊನಿಗೆ ಬಾಲ ಮೂಡುತ್ತದೆ. ತಲೆಯ ಮೇಲೆ ಎಲೆಯಿಟ್ಟುಕೊಂಡು ರೂಪ ಬದಲಿಸುವ ತನುಕಿಯೆಂಬ ಪ್ರಾಣಿಯ ಜನಪದ ನಂಬಿಕೆ ಆ ನಾಡಿನಲ್ಲಿದೆ. ಆದರೆ ಬಾಲ ಬಂದೊಡನೆ ಹಾರಲಾಗದು. ನೆಲದ ಮೇಲೆ ತಡೆಯಿಲ್ಲದೆ ಓಡಬೇಕು. ಪರದೆಯ ಕೆಳಗಿನ ಬಾಣದ ಗುರುತುಗಳು ಒಂದೊಂದಾಗಿ ತುಂಬಬೇಕು. ನಡುವೆ ನಿಂತರೆ ಅವು ಇಳಿದುಹೋಗುತ್ತವೆ. ತುಂಬಿದ ಮೇಲೆ ಜಿಗಿದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಮೇಲೇರಬಹುದು. ಅದೂ ಕೆಲವೇ ಕ್ಷಣ. ಶತ್ರು ತಾಕಿದರೆ ಬಾಲವೇ ಹೋಯಿತು.

೧೯೯೦ರ 'ಸೂಪರ್ ಮಾರಿಯೊ ವರ್ಲ್ಡ್'ನಲ್ಲಿ ಬಾಲದ ಬದಲು ಹೊದಿಕೆ ಬಂದಿತು. ಅಲ್ಲಿ ಓಟದ ಜೊತೆಗೆ ಕೌಶಲವೂ ಬೇಕು: ಕೆಳಕ್ಕೆ ಧುಮುಕಿ, ಸಮಯವರಿತು ಹಿಂದಕ್ಕೆ ಎಳೆದರೆ ಹೊದಿಕೆಯಲ್ಲಿ ಗಾಳಿ ತುಂಬಿ ಮತ್ತೆ ಮೇಲಕ್ಕೆ. ೧೯೯೪ರ 'ಸಾನಿಕ್ ೩'ರಲ್ಲಿ ಟೇಲ್ಸ್ ಎಂಬ ನರಿ ತನ್ನೆರಡು ಬಾಲಗಳನ್ನು ತಿರುಗಿಸಿ ಹಾರಿ, ಸ್ವಲ್ಪ ಹೊತ್ತಿಗೇ ದಣಿದು ಇಳಿಯುತ್ತದೆ. ಹೊಸಬರಿಗಾಗಿಯೇ ರಚಿಸಿದ ೧೯೯೨ರ ಕರ್ಬಿಯ ಆಟದಲ್ಲಿ ಮಾತ್ರ ಗಾಳಿ ಕುಡಿದು ಉಬ್ಬಿ ಬಹು ಹೊತ್ತು ತೇಲಬಹುದು. ಆದರೆ ತೇಲುವಾಗ ಶತ್ರುವನ್ನು ನುಂಗಲಾಗದು, ನಡೆಯೂ ನಿಧಾನ.

ಇವುಗಳಲ್ಲಿ ಮೊದಲನೆಯ ಕಟ್ಟಳೆಯೇ ನನಗೆ ಹೆಚ್ಚು ಸತ್ಯವಾಗಿ ಕಾಣುತ್ತದೆ. ಬಾಲವಿದ್ದರೂ ಮುಂದೆ ಉದ್ದನೆಯ ಸಮನೆಲವಿಲ್ಲದಿದ್ದರೆ ಮಾರಿಯೊ ಹಾರಲಾರನು. ಅಂಥ ಹನುಮಂತನೂ ಮಹೇಂದ್ರಗಿರಿಯನ್ನು ಕಾಲಿನಿಂದ ಒತ್ತಿಯೇ ನೆಗೆದನಲ್ಲವೆ? ಮಳೆಗಾಲದಲ್ಲಿ ಮೆಣಸಗಿಯ ಎರೆಹೊಲದಲ್ಲಿ ಓಡಹೋದವರಿಗೆ ಇದು ತಿಳಿದ ಮಾತು. ಕಾಲಿನಲ್ಲಿ ಬಲವಿದ್ದರೂ ಮಣ್ಣು ಬಿಡುವುದಿಲ್ಲ. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಅಂಕಗಳನ್ನು ಎಣಿಸುವ ಲೋಕವು, ಇವರಿಗೆ ಓಡಲು ಎಷ್ಟು ನೆಲವಿತ್ತೆಂದು ಕೇಳುವುದಿಲ್ಲ. ಒಳ್ಳೆಯ ಗ್ರಂಥಾಲಯ, ಬಿಡುವಿನ ಸಂಜೆ, ತಪ್ಪನ್ನು ತಾಳ್ಮೆಯಿಂದ ತಿದ್ದುವ ಗುರುಗಳು, ಇವೇ ಆ ನೆಲ.

ಅದೇ ಆಟದಲ್ಲಿ ಓಡದೆಯೇ ಇಡೀ ಹಂತವನ್ನು ಹಾರಿ ದಾಟಿಸುವ 'ಪಿ-ವಿಂಗ್' ಎಂಬ ವಸ್ತುವೂ ಉಂಟು. ಪರೀಕ್ಷೆಯ ಮುನ್ನಾದಿನ ನಾವು ಕೊಳ್ಳುವ ಗೈಡಿಗೂ ಅದಕ್ಕೂ ಭೇದ ಸ್ವಲ್ಪವೇ. ಹಂತ ದಾಟುವುದೇನೋ ನಿಜ. ಮುಂದಿನ ಹಂತಕ್ಕೆ ಕಾಲು ಮಾತ್ರ ಪಳಗಿರುವುದಿಲ್ಲ.

ವಿದ್ಯಾರ್ಥಿಮಿತ್ರರು ಇಂಥ ರೆಕ್ಕೆಗೆ ಆಸೆಪಡದಿರಲಿ. ಕಾಲೇಜುಗಳು ನಮಗೆ ಓಡುವ ನೆಲವನ್ನು ಒದಗಿಸಲಿ. ಓಡುವ ಹೊಣೆ ನಮ್ಮದಾಗಿರಲಿ.