ನೂರೈವತ್ತನ್ನು ಬಿಟ್ಟವರ ಲೆಕ್ಕ

ಕುಡಿಯದೆ ಕಳೆದ ದಿನಕ್ಕೆ ದಿನದ ಲೆಕ್ಕದಲ್ಲಿಯೇ ಪಾರಿತೋಷಿಕವನ್ನು ಸಲ್ಲಿಸುವ, ಅದನ್ನೂ ಆಸ್ಪತ್ರೆಯ ಹೊಸ್ತಿಲನ್ನು ತುಳಿಸದೆ, ಮನೆಯಲ್ಲಿರುವವನ ಉಸಿರನ್ನು ದೂರದಿಂದಲೇ ಪರೀಕ್ಷಿಸಿ ಅವನ ಕೈಗೇ ಮುಟ್ಟಿಸುವ ಚಿಕಿತ್ಸಾಕ್ರಮವೊಂದರ ಮಾತೆತ್ತಿದೊಡನೆ, ನಮ್ಮ ಸಜ್ಜನರ ಬಾಯಿಂದ ಹೊರಡುವ ಮೊದಲ ಉದ್ಗಾರ ‘ಕುಡುಕನಿಗೆ ಕೂಲಿಯೆ?’ ಎಂಬುದು. ಅಮೆರಿಕದ ಸಂಯುಕ್ತ ಸರ್ಕಾರವು ತನ್ನ ಅನುದಾನದಿಂದ ವ್ಯಸನಿಯೊಬ್ಬನಿಗೆ ವರ್ಷಕ್ಕೆ ಕೊಡಬಹುದಾದ ಇಂಥ ಪಾರಿತೋಷಿಕದ ಮಿತಿಯನ್ನು 2025ರ ಜನವರಿಯಲ್ಲಿ 75 ಡಾಲರಿನಿಂದ 750 ಡಾಲರಿಗೆ ಏರಿಸಿದ್ದನ್ನು ಎತ್ತಿಕೊಂಡು ಅಂಕಣಕಾರ ಮಿತ್ರರೊಬ್ಬರು ಆ ಉದ್ಗಾರವನ್ನೇ ಒಂದು ಲೇಖನವಾಗಿ ಹಿಗ್ಗಿಸಿದ್ದಾರೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರು ಸಂಚರಿಸಿ, ಜೋಳಿಗೆಯೊಡ್ಡಿ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದ ನಾಡಿನಲ್ಲಿ ಚಟ ಬಿಟ್ಟವನ ಜೋಳಿಗೆಗೇ ಹಣ ಸುರಿಯುವುದು ಅಧಃಪತನವಲ್ಲವೆ ಎಂಬುದು ಅವರ ಪ್ರಶ್ನೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಆಕ್ಷೇಪ ನಿಲ್ಲತಕ್ಕದ್ದಲ್ಲ. ಅದನ್ನು ಮುರಿಯುವ ಸಾಕ್ಷ್ಯವನ್ನು ಅರಸಿ ಅಮೆರಿಕದವರೆಗೂ ಹೋಗಬೇಕಾಗಿಲ್ಲ, ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿದರೆ ಸಾಕು.

ಚೆನ್ನೈಯ ಸೈಕಲ್ ರಿಕ್ಷಾ ತುಳಿಯುವ 229 ಮಂದಿಯ ಮೇಲೆ ಮೂರು ವಾರಗಳ ಕಾಲ ನಡೆದು, 2019ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾದ ಫ್ರಾಂಕ್ ಶಿಲ್ಬಾಕ್ ಎಂಬ ಅರ್ಥಶಾಸ್ತ್ರಜ್ಞನ ಪ್ರಯೋಗವನ್ನು ನಮ್ಮಲ್ಲಿ ಉದ್ಧರಿಸುವವರು ಉಳಿತಾಯದ ಸಂಗತಿಯೊಂದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ದಿನವೂ ಅಧ್ಯಯನದ ಕಚೇರಿಗೆ ಬಂದು ಉಸಿರು ಊದಿ ಹೋಗಬೇಕಾಗಿದ್ದ ಆ ಶ್ರಮಜೀವಿಗಳಲ್ಲಿ ಒಂದು ಪಂಗಡದವರಿಗೆ ಕುಡಿದಿರಲಿ ಬಿಟ್ಟಿರಲಿ 90 ರೂಪಾಯಿ. ಇನ್ನೊಂದು ಪಂಗಡದವರಿಗೆ ಕುಡಿದು ಬಂದರೆ 60, ಕುಡಿಯದೆ ಬಂದರೆ 120. ಎರಡನೆಯ ಪಂಗಡದವರು ಹಗಲು ಹೊತ್ತಿನ ಕುಡಿತವನ್ನು ಗಣನೀಯವಾಗಿ ತಗ್ಗಿಸಿದರು, ಅವರ ಉಳಿತಾಯ ಸುಮಾರು ಅರ್ಧಪಾಲಿನಷ್ಟು ಹೆಚ್ಚಿತು. ಇಷ್ಟು ಎಲ್ಲರೂ ಬಲ್ಲದ್ದು. ಯಾರೂ ಹೇಳದ ಸಂಖ್ಯೆ 150.

ಆ ಸಂಖ್ಯೆಯ ಕಥೆ ಹೀಗೆ. ಮೂರನೆಯ ಪಂಗಡದವರ ಮುಂದೆ ಶಿಲ್ಬಾಕ್ ಆಯ್ಕೆಯನ್ನೇ ಇಟ್ಟ: ಕುಡಿದರೆ 60, ಕುಡಿಯದಿದ್ದರೆ 120 ಎಂಬ ಷರತ್ತಿನ ಹಣ ಬೇಕೆ, ಅಥವಾ ಯಾವ ಷರತ್ತೂ ಇಲ್ಲದ ನಿಶ್ಚಿತ ಮೊತ್ತ ಬೇಕೆ? ನಿಶ್ಚಿತ ಮೊತ್ತವನ್ನು 90 ಎಂದ, 120 ಎಂದ, ಕಡೆಗೆ 150ಕ್ಕೆ ಏರಿಸಿದ. ಕೊನೆಯ ಈ ಆಯ್ಕೆಯ ಸ್ವರೂಪವನ್ನು ಓದುಗರು ಕೊಂಚ ನಿಂತು ನೋಡಬೇಕು. ಷರತ್ತನ್ನು ಒಪ್ಪಿದವನು ಮೂರು ವಾರ ಗಂಗೋದಕವನ್ನಲ್ಲದೆ ಮತ್ತೇನನ್ನೂ ಮುಟ್ಟದಿದ್ದರೂ ಅವನ ಕೈಸೇರುವುದು 120 ಮಾತ್ರ. ಒಪ್ಪದವನು ಕಂಠಪೂರ್ತಿ ಕುಡಿದು ತೂರಾಡುತ್ತ ಬಂದರೂ 150. ದಿನದ ಸಂಪಾದನೆ 300 ರೂಪಾಯಿಯ ಸುತ್ತ ಸುಳಿಯುತ್ತಿದ್ದ ಆ ಬಡವರಿಗೆ, ಅತ್ಯುತ್ತಮ ದಿನದಲ್ಲಿಯೂ 30 ರೂಪಾಯಿ ನಷ್ಟ, ಜಾರಿದ ದಿನ 90 ರೂಪಾಯಿ ನಷ್ಟ. ಶೆಟ್ಟರ ಅಂಗಡಿಯ ಹುಡುಗನನ್ನು ಕೇಳಿದರೂ 150 ತೆಗೆದುಕೊಳ್ಳಿ ಎಂದಾನು. ಆದಾಗ್ಯೂ ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ 150ನ್ನು ಬಿಟ್ಟು ಷರತ್ತನ್ನೇ ಆರಿಸಿಕೊಂಡರು.

ಲಂಚ ಕೊಟ್ಟು ಸದ್ಗುಣವನ್ನು ಕೊಳ್ಳುತ್ತಿದ್ದೇವೆ ಎನ್ನುವ ಮಿತ್ರರು ಈ ಜನಕ್ಕೆ ಯಾವ ಹೆಸರಿಡುತ್ತಾರೆ? ಲಂಚ ತೆಗೆದುಕೊಳ್ಳುವವನು ಹೆಚ್ಚಿನದನ್ನು ಬಿಟ್ಟು ಕಡಿಮೆಯದನ್ನು ಆಯ್ದುಕೊಂಡ ಉದಾಹರಣೆಯನ್ನು ನಾನು ನಮ್ಮ ಯಾವ ಕಚೇರಿಯಲ್ಲಿಯೂ ಕಂಡಿಲ್ಲ. ಆ ರಿಕ್ಷಾದವನು ತನ್ನ ಸ್ವಂತ ಹಣವನ್ನು ತೆತ್ತು ಕೊಂಡದ್ದು ಒಂದು ಹಗ್ಗವನ್ನು. ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ತನ್ನ ಕಾಲು ಅತ್ತ ತಿರುಗೀತೆಂಬುದನ್ನು ಬೆಳಗ್ಗೆಯೇ ಬಲ್ಲ ಅವನು, ಆ ಕಾಲನ್ನು ಮುಂಚಿತವಾಗಿ ಕಟ್ಟಿಹಾಕುವ ಉಪಾಯವನ್ನು ನಮ್ಮಿಂದ ಬೇಡಿದನು. ನಾವು ಅದನ್ನು ಕೂಲಿ ಎನ್ನುತ್ತೇವೆ.

ಹಗ್ಗವನ್ನು ಬೇಡುವ ಈ ಬುದ್ಧಿ ನಮಗೆ ಹೊಸದೂ ಅಲ್ಲ. ವರ್ಷವಿಡೀ ಕುಡಿದು ಮನೆಯವರನ್ನು ಕಣ್ಣೀರಿನಲ್ಲಿ ಕೈತೊಳೆಯಿಸಿದ ಗಂಡಸು ಅಯ್ಯಪ್ಪನ ಮಾಲೆ ಹಾಕಿದ ದಿನದಿಂದ 41 ದಿನ ಒಂದು ಹನಿಯನ್ನೂ ಮುಟ್ಟದೆ ಇರುವುದನ್ನು ಯಾವ ಕೇರಿಯವರು ನೋಡಿಲ್ಲ? ಅಲ್ಲಿ ದಿನದಿನದ ಪರೀಕ್ಷೆ ಉಂಟು, ಏಕೆಂದರೆ ಕೇರಿಯ ಕಣ್ಣೆಲ್ಲ ಅವನ ಮೇಲೆಯೇ. ದಿನದಿನದ ಪಾರಿತೋಷಿಕವೂ ಉಂಟು, ಏಕೆಂದರೆ ನಿನ್ನೆಯವರೆಗೆ ‘ಏ’ ಎನ್ನಿಸಿಕೊಳ್ಳುತ್ತಿದ್ದವನನ್ನು ಇಂದು ಎಲ್ಲರೂ ‘ಸ್ವಾಮಿ’ ಎಂದು ಕರೆಯುತ್ತಾರೆ. ಭಕ್ತಿಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ವ್ಯಸನಿಯ ಇಚ್ಛೆಗೆ ಹೊರಗಿನ ಊರುಗೋಲೊಂದು ಬೇಕೆಂಬುದನ್ನು ಮನಶ್ಶಾಸ್ತ್ರದ ಪಂಡಿತರಿಗಿಂತ ಮೊದಲೇ ನಮ್ಮ ಜನ ಬಲ್ಲರೆಂಬುದಷ್ಟೇ ಹೇಳಬೇಕಾದದ್ದು. 42ನೆಯ ದಿನದ ಮಾತನ್ನು ಆಮೇಲೆ ಎತ್ತುತ್ತೇನೆ.

ಚೆನ್ನೈಯ ಪ್ರಯೋಗದಲ್ಲಿ ಒಂದು ಕೊರತೆ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪರೀಕ್ಷೆ ದಿನಕ್ಕೊಮ್ಮೆ ಮಾತ್ರ ನಡೆದುದರಿಂದ, ಉಸಿರೂದಿ ಹಣ ಪಡೆದವನು ಆ ಬಳಿಕ ಕುಡಿಯಲು ಅಡ್ಡಿಯಿರಲಿಲ್ಲ. ಹಗಲಿನ ಕುಡಿತ ಬಹುಮಟ್ಟಿಗೆ ರಾತ್ರಿಗೆ ಸರಿಯಿತು, ಒಟ್ಟು ಪ್ರಮಾಣದಲ್ಲಿ ಇಳಿದದ್ದು ಅಲ್ಪ. ಮದ್ಯದ ಸ್ವಭಾವವೇ ಹಾಗೆ. ಒಂದು ಪೆಗ್ಗಿನಷ್ಟನ್ನು ದೇಹ ಹೆಚ್ಚುಕಡಮೆ ಒಂದು ಗಂಟೆಯಲ್ಲಿ ಕರಗಿಸಿಬಿಡುವುದರಿಂದ, ಬೆಳಗಿನ ಉಸಿರು ಹಿಂದಿನ ಸಂಜೆಯ ವಿಷಯದಲ್ಲಿ ಸಾಕ್ಷಿ ನುಡಿಯಲಾರದು. ಕನೆಕ್ಟಿಕಟ್ಟಿನ ನ್ಯಾನ್ಸಿ ಪೆಟ್ರಿ 2000ದಲ್ಲಿಯೇ 42 ಮಂದಿ ಮದ್ಯವ್ಯಸನಿಗಳಾದ ಮಾಜಿ ಸೈನಿಕರಿಗೆ, ಉಸಿರು ಶುದ್ಧವಾಗಿದ್ದಾಗಲೆಲ್ಲ ಬೋಗುಣಿಯಿಂದ ಚೀಟಿಯೆತ್ತಿ ಬಹುಮಾನ ಗೆಲ್ಲುವ ಅವಕಾಶವನ್ನು ಕೊಟ್ಟು, ಎಂಟು ವಾರ ಚಿಕಿತ್ಸೆಯಲ್ಲಿ ಉಳಿದವರ ಪ್ರಮಾಣವನ್ನು ನೂರಕ್ಕೆ 22ರಿಂದ 84ಕ್ಕೆ ಏರಿಸಿ ತೋರಿಸಿದ್ದಳು. ಆದರೂ ಮಾದಕದ್ರವ್ಯಗಳಿಗೆ ಈ ಪದ್ಧತಿ ಹಬ್ಬಿದಂತೆ ಮದ್ಯಕ್ಕೆ ಹಬ್ಬಲಿಲ್ಲ. ಕಾರಣ ಈ ಪರೀಕ್ಷೆಯ ತೊಡಕು: ದಿನಕ್ಕೆ ಮೂರು ಬಾರಿ ಆಸ್ಪತ್ರೆಗೆ ಬಂದು ಊದಿ ಹೋಗು ಎಂದು ಯಾರಿಗೆ ಹೇಳಲಾದೀತು?

ಆ ತೊಡಕು ಈಗ ಬಿಚ್ಚಿದೆ, ದೂರಚಿಕಿತ್ಸೆಯ ಪ್ರಾಮುಖ್ಯವಿರುವುದೂ ಇಲ್ಲಿಯೇ. ವರ್ಜೀನಿಯಾದಲ್ಲಿ ಮಿಖಾಯಿಲ್ ಕಾಫರ್ನಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿ 21 ದಿನಗಳ ಕಾಲ ದಿನಕ್ಕೆ ಮೂರು ಸಲ, ತಾವು ಇದ್ದಲ್ಲಿಯೇ, ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಊದಿದರು. ಊದುವಾಗ ಅದು ಮುಖದ ಚಿತ್ರವನ್ನು ತೆಗೆದು ಫಲಿತಾಂಶದೊಡನೆ ಕಳುಹಿಸುತ್ತದೆಯಾದ್ದರಿಂದ ತಮ್ಮನನ್ನೋ ಮಗನನ್ನೋ ಕೂರಿಸಿ ಊದಿಸುವಂತಿಲ್ಲ (ನಮ್ಮಲ್ಲಿ ಮೊದಲು ಬರುವ ಯೋಚನೆ ಅದೇ ಆದುದರಿಂದ ಹೇಳಿದೆ). ಮದ್ಯವಿಲ್ಲದೆ ಕಳೆದ ದಿನಗಳು ಪಾರಿತೋಷಿಕದ ಪಂಗಡದಲ್ಲಿ ನೂರಕ್ಕೆ 85, ಇನ್ನೊಂದರಲ್ಲಿ 38. ಇನ್ನೊಂದು ಪಂಗಡಕ್ಕೆ ಹಣವೇ ಇರಲಿಲ್ಲವೆಂದು ಓದುಗರು ಊಹಿಸಬಾರದು. ಅವರಿಗೂ ಅಷ್ಟೇ ಹಣ ಸಂದಿತ್ತು. ಕುಡಿದರೂ ಬಿಟ್ಟರೂ ಬರುವಂತೆ ಸಂದಿತ್ತು. ಹಣ ಸಮ, ಉಪಕರಣ ಸಮ, ಊದುವ ಶ್ರಮವೂ ಸಮ. ಭೇದವಿದ್ದದ್ದು ಷರತ್ತಿನಲ್ಲಿ ಮಾತ್ರ. ಚೆನ್ನೈಯ ರಿಕ್ಷಾದವನು 30 ರೂಪಾಯಿ ತೆತ್ತು ಕೊಂಡ ವಸ್ತುವೂ ಅದೇ ಆಗಿತ್ತು.

ಅಧ್ಯಯನಗಳು ಚಿಕ್ಕವು, ಅವಧಿ ಮೂರು ವಾರ, ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. 42ನೆಯ ದಿನದ ಪ್ರಶ್ನೆ ಅದೇ. ಶಬರಿಮಲೆಯಿಂದ ಇಳಿದು ಬಂದು ಮಾಲೆ ತೆಗೆದ ಸಂಜೆಯೇ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ನಾವೆಲ್ಲ ಕಂಡಿದ್ದೇವೆ, ಹಾಗೆ ಹತ್ತದೆ ಉಳಿದವರನ್ನೂ ಕಂಡಿದ್ದೇವೆ. ಮಾದಕದ್ರವ್ಯಗಳ ವಿಷಯದಲ್ಲಿ, ಪಾರಿತೋಷಿಕ ನಿಂತು ತಿಂಗಳುಗಳಾದ ಮೇಲೂ ಅದರ ಪ್ರಯೋಜನ ಸ್ವಲ್ಪಮಟ್ಟಿಗೆ ಉಳಿಯುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆ ತೋರಿಸಿದೆ. ಆ ಉಳಿಕೆ ದೊಡ್ಡದಲ್ಲ. ಆದರೆ ಸಕ್ಕರೆ ಕಾಯಿಲೆಯವನಿಗೆ ಮಾತ್ರೆ ನಿಲ್ಲಿಸಿದರೆ ಸಕ್ಕರೆ ಏರುತ್ತದೆ ಎಂಬ ಕಾರಣಕ್ಕೆ ಮಾತ್ರೆಯೇ ವ್ಯರ್ಥವೆಂದು ವಾದಿಸಿದವರನ್ನು ನಾನು ಕಾಣೆ. ಮದ್ಯದ ಮಾತು ಬಂದಾಗ ಮಾತ್ರ ನಾವು ಒಂದೇ ಗುಳಿಗೆಯಲ್ಲಿ ಮೋಕ್ಷವನ್ನು ಕೇಳುತ್ತೇವೆ.

ನಿಜವಾಗಿ ಭಯಪಡತಕ್ಕ ವಿಷಯ ಬೇರೆ ಇದೆ, ಅದನ್ನು ಆಕ್ಷೇಪಿಸುವವರೂ ಹೇಳುತ್ತಿಲ್ಲ, ಹೊಗಳುವವರೂ ಹೇಳುತ್ತಿಲ್ಲ. ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿದು ಒಗ್ಗಿದ ದೇಹ, ಕುಡಿತ ಹಠಾತ್ತನೆ ನಿಂತರೆ ಎರಡು ಮೂರು ದಿನಗಳೊಳಗೆ ನಡುಕ, ಫಿಟ್ಸು, ಭ್ರಾಂತಿಗಳಿಗೆ ಈಡಾಗಬಹುದು; ಪ್ರಾಣವೂ ಹೋಗಬಹುದು. ಬಹುಮಾನದ ಆಸೆಯಿಂದ ಅಂಥವನೊಬ್ಬ ಒಂದೇ ದಿನದಲ್ಲಿ ಕುಡಿತ ನಿಲ್ಲಿಸಿ ಮನೆಯ ಮೂಲೆಯಲ್ಲಿ ನಡುಗುತ್ತ ಮಲಗಿದರೆ, ಅವನ ಶುದ್ಧವಾದ ಉಸಿರನ್ನು ಕಂಡು ಮೊಬೈಲು ಅಭಿನಂದನೆ ಕಳುಹಿಸೀತು. ಆದಕಾರಣ ಮೊದಲ ವಾರ ವೈದ್ಯರ ಕೈಯಲ್ಲಿ, ಆಮೇಲಿನ ತಿಂಗಳುಗಳು ಮೊಬೈಲಿನ ಕೈಯಲ್ಲಿ ಎಂಬ ವಿಭಾಗವಿಲ್ಲದೆ ಈ ಯೋಜನೆಯನ್ನು ಯಾರೂ ಆರಂಭಿಸಕೂಡದು.

ಇನ್ನು ಹಣವನ್ನು ಹೆಂಡತಿಯ ಖಾತೆಗೆ ಹಾಕಿರಿ ಎಂಬ ಸಲಹೆ. ಸಲಹೆಯ ಹಿಂದಿರುವ ಅನುಭವವನ್ನು ನಾನು ಗೌರವಿಸುತ್ತೇನೆ. ಕೈಗೆ ಬಂದ ನೋಟು ಎಲ್ಲಿಗೆ ಹೋಗುತ್ತದೆಂಬುದನ್ನು ಆ ತಾಯಂದಿರಿಗೆ ಯಾವ ಅರ್ಥಶಾಸ್ತ್ರಜ್ಞನೂ ಕಲಿಸಬೇಕಾಗಿಲ್ಲ. ಆದರೆ ಪಾರಿತೋಷಿಕ ಕೆಲಸ ಮಾಡುವುದು ಅದು ಗೆದ್ದವನದಾಗಿದ್ದಾಗ, ಮತ್ತು ಗೆದ್ದ ಕ್ಷಣದಲ್ಲಿಯೇ ಬಂದಾಗ. ಅಮೆರಿಕದಲ್ಲಿ ಇದಕ್ಕೆಂದೇ ಮದ್ಯದಂಗಡಿಯಲ್ಲಿ ನಡೆಯದ, ನಗದು ಕೊಡದ ಕಾರ್ಡುಗಳನ್ನು ಮಾಡಿದ್ದಾರೆ. ತರಕಾರಿ ಗಾಡಿಯವಳೂ ಮೊಬೈಲಿನಲ್ಲಿ ಹಣ ಪಡೆಯುವ ನಮ್ಮ ದೇಶಕ್ಕೆ ದಿನಸಿ ಅಂಗಡಿಯಲ್ಲಿ, ಔಷಧದಂಗಡಿಯಲ್ಲಿ, ಮಗಳ ಶಾಲೆಯ ಶುಲ್ಕಕ್ಕೆ ಮಾತ್ರ ಸಲ್ಲುವ ಹಣವನ್ನು ನಿರ್ಮಿಸುವುದು ಅಸಾಧ್ಯವೇನಲ್ಲ. ಮಗಳ ಶುಲ್ಕವನ್ನು ತಾನೇ ಕಟ್ಟಿದೆನೆಂಬ ಮಾತು ಅವನದಾಗಿರಲಿ.

ಖರ್ಚಿನ ಮಾತು ಎತ್ತದೆ ಸಂಪಾದಕರು ಬಿಡಲಾರರು. ಅಂದಿನ ಚೆನ್ನೈಯಲ್ಲಿ ಕುಡಿದ ದಿನಕ್ಕೂ ಕುಡಿಯದ ದಿನಕ್ಕೂ ಇದ್ದ ಅಂತರ 60 ರೂಪಾಯಿ. ಇಂದಿನ ಬೆಲೆಗೆ ಅದನ್ನು ಇಮ್ಮಡಿಸಿ 120 ಎನ್ನೋಣ. 90 ದಿನಕ್ಕೆ ಒಬ್ಬನಿಗೆ 10,800 ರೂಪಾಯಿ; ಒಂದು ಲಕ್ಷ ಮಂದಿಗೆ, ಅವರು ಒಂದು ದಿನವೂ ಜಾರಲಿಲ್ಲವೆಂದೇ ಇಟ್ಟುಕೊಂಡರೆ, 108 ಕೋಟಿ. ಉಪಕರಣದ ಬೆಲೆ ಪ್ರತ್ಯೇಕ. ಕರ್ನಾಟಕ ಸರ್ಕಾರ 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ. ಅಂದರೆ ಮದ್ಯದಿಂದ ಬಂದ ಪ್ರತಿ ಸಾವಿರ ರೂಪಾಯಿಯಲ್ಲಿ ಎರಡು ರೂಪಾಯಿ ಎಪ್ಪತ್ತು ಪೈಸೆ. ಕುಡಿಯುವವನಿಗೆ ತೆರಿಗೆ ಹಾಕಿ ಗಳಿಸಿದ ಸಾವಿರದಲ್ಲಿ ಮೂರು ರೂಪಾಯಿಯನ್ನೂ ಕುಡಿಯದಿರುವವನಿಗೆ ಹಿಂದಿರುಗಿಸಲಾರದ ಸರ್ಕಾರದ ಪಕ್ಷ ವಹಿಸಿ ನೀತಿಯ ಮಾತಾಡುವುದು ಹೇಗೆಂದು ಮಿತ್ರರು ತಿಳಿಸಬೇಕು.

ದೆಹಲಿಯ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತದ್ದು ಒಬ್ಬನಿಗೆ. ಉಳಿದ 37 ಮಂದಿ ನಿಮ್ಹಾನ್ಸಿನ ಸಾಲಿನಲ್ಲಿಯೂ ನಿಲ್ಲುತ್ತಿಲ್ಲ, ಮದ್ಯವರ್ಜನ ಶಿಬಿರಕ್ಕೂ ಹೋಗುತ್ತಿಲ್ಲ. ಕೂಲಿ ಬಿಟ್ಟು ಬರಲಾರದವರು ಕೆಲವರು, ಕುಡುಕನೆಂಬ ಹೆಸರು ಹೊತ್ತು ಆ ಬಾಗಿಲನ್ನು ದಾಟಲು ನಾಚುವವರು ಕೆಲವರು. ರಾಜ್ಯದ ಮದ್ಯಪಾನ ಸಂಯಮ ಮಂಡಳಿ ಇವರಿಗೆ ಭಾಷಣವನ್ನು ಏರ್ಪಡಿಸುತ್ತ ಬಂದಿದೆ. ಒಂದೇ ಒಂದು ತಾಲ್ಲೂಕಿನಲ್ಲಿ, ಒಂದು ವರ್ಷದ ಭಾಷಣಗಳ ಖರ್ಚನ್ನು ಉಳಿಸಿ, ಆ 37 ಮಂದಿಯಲ್ಲಿ ಕೆಲವರನ್ನು ಕರೆದು, ಚೆನ್ನೈಯಲ್ಲಿ ಕೇಳಿದ ಪ್ರಶ್ನೆಯನ್ನೇ ಅದು ಕೇಳಿ ನೋಡಲಿ: ಸುಮ್ಮನೆ ಬರುವ 150 ಬೇಕೆ, ಷರತ್ತಿನ 120 ಬೇಕೆ?