ಹಳೆಯ ಗಣಕಗಳ ಗೀಳು

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಸುವವರನ್ನು ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಒಂದು ಆಲ್ಬಮ್ಮಿನಲ್ಲಿ ಅವರ ಲೋಕವೆಲ್ಲ ಅಡಗುತ್ತದೆ. ಹಳೆಯ ಗಣಕಯಂತ್ರಗಳನ್ನು ಕೂಡಿಸುವವನ ಸಂಸಾರದ ಪಾಡೇ ಬೇರೆ. ಮಂಚದ ಕೆಳಗೊಂದು, ಅಟ್ಟದ ಮೇಲೆ ನಾಲ್ಕು, ಸಾಲದುದಕ್ಕೆ ತಂತಿಗಳ ಗೋಜಲು. ಗುಜರಿಯವನು ತೂಕಕ್ಕೆ ಕೊಂಡೊಯ್ಯಬೇಕಾದುದನ್ನು ಹಣ ತೆತ್ತು ಮನೆಗೆ ತರುವ ಈ ಗೀಳಿಗೆ ಏನರ್ಥವೆಂದು ವಾಚಕರು ಕೇಳಬಹುದು. ಅರ್ಥವುಂಟು; ಅದನ್ನರಿಯಲು ಇಂಗ್ಲೆಂಡಿನ ಒಂದು ಯಂತ್ರದ ಕಥೆಯನ್ನು ಕೇಳಬೇಕು.

ಬಿಬಿಸಿ ಮೈಕ್ರೊ ಎಂಬ ಗಣಕವನ್ನು ಕೇಂಬ್ರಿಜ್ಜಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದಿತು. ಜನಸಾಮಾನ್ಯರಿಗೆ ಗಣಕವಿದ್ಯೆಯನ್ನು ಕಲಿಸಲು ಬಿಬಿಸಿಯು ಟೆಲಿವಿಷನ್ನಿನಲ್ಲಿ ನಡೆಸಿದ ಪಾಠಮಾಲೆಗೆ ಜೊತೆಯಾಗಿ ಹುಟ್ಟಿದ ಯಂತ್ರವಿದು. ಇದರ 'ಬಿ' ಮಾದರಿಯ ಸ್ಮರಣಕೋಶ 32 ಕಿಲೋಬೈಟು. ಇಂದಿನ ಮೊಬೈಲು ತೆಗೆಯುವ ಒಂದು ಭಾವಚಿತ್ರಕ್ಕೂ ಅದು ಸಾಲದು. ಆದರೂ ಬ್ರಿಟನ್ನಿನ ಶಾಲೆಶಾಲೆಗೂ ಅದು ಹೊಕ್ಕಿತು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂದಿತು. ಅದರ ಕೆಂಪು ಗುಂಡಿಗಳನ್ನು ಒತ್ತಿದ ಕೈಗಳು ನಮ್ಮ ಓದುಗರಲ್ಲಿಯೂ ಇದ್ದಾವು.

ಇಂಥ ಯಂತ್ರ ಕೈಗೆ ಬಂದಾಗ ತಿಳಿದ ಸಂಗ್ರಾಹಕನು ಒಡನೆಯೇ ಸ್ವಿಚ್ಚು ಒತ್ತುವುದಿಲ್ಲ. ವಿದ್ಯುತ್ ಪೂರೈಸುವ ಭಾಗದಲ್ಲಿರುವ ಕೆಪಾಸಿಟರುಗಳ ಹೊರಕವಚವು ವರ್ಷ ಕಳೆದಂತೆ ಬಿರಿದು ತೇವವನ್ನು ಹೀರಿರುತ್ತದೆ. ವಿದ್ಯುತ್ತು ಹರಿದರೆ 'ಠುಸ್' ಎಂದು ಸಿಡಿದು ಮನೆಯೆಲ್ಲ ದುರ್ವಾಸನೆಯ ಹೊಗೆ! ಅವನ್ನು ಕಿತ್ತು ಹೊಸದನ್ನು ಬೆಸೆದ ಮೇಲೆಯೇ ಪರೀಕ್ಷೆ. ಎಲ್ಲವೂ ನೆಟ್ಟಗಿದ್ದರೆ ಯಂತ್ರವು ಮೊದಲು ತಗ್ಗು ದನಿಯಲ್ಲಿ, ಮರುಕ್ಷಣ ಏರು ದನಿಯಲ್ಲಿ ಒಮ್ಮೆ ಕೂಗುತ್ತದೆ. ಆ ಕೂಗನ್ನು ಕೇಳಿದವನ ಹಿಗ್ಗು ಸೂಲಗಿತ್ತಿಯ ಮುಖದಲ್ಲಿಯೂ ಕಾಣದು.

ಇದು ಬರಿಯ ವಿನೋದವಲ್ಲವೆಂಬುದಕ್ಕೆ ಡೂಮ್ಸ್‌ಡೇ ತಟ್ಟೆಗಳೇ ಸಾಕ್ಷಿ. ವಿಲಿಯಂ ದೊರೆಯ ಆಜ್ಞೆಯಂತೆ 1086ರಲ್ಲಿ ನಡೆದ ಜಮೀನು ಜಮಾಬಂದಿಯ ಕಡತಕ್ಕೆ ಡೂಮ್ಸ್‌ಡೇ ಎಂದು ಹೆಸರು. ಅದಕ್ಕೆ ಒಂಬೈನೂರು ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿಯು ಹೊಸ ಕಡತವೊಂದನ್ನು ಮಾಡಿಸಿತು. ಶಾಲಾಮಕ್ಕಳೂ ಸೇರಿದಂತೆ ಹತ್ತು ಲಕ್ಷಕ್ಕೂ ಮಿಕ್ಕ ಜನ ಕೈಜೋಡಿಸಿದರು. ತಮ್ಮ ಊರಿನ ಬೀದಿ, ಅಂಗಡಿ, ಊಟ, ಆಟಗಳನ್ನು ಬರೆದು ಕಳುಹಿಸಿದರು. ಇದೆಲ್ಲವೂ ಹನ್ನೆರಡು ಅಂಗುಲದ ಲೇಸರ್ ತಟ್ಟೆಗಳಲ್ಲಿ ಅಡಕವಾಯಿತು. ಓದಲು ಬಿಬಿಸಿ ಮಾಸ್ಟರ್ ಗಣಕವೂ ಫಿಲಿಪ್ಸ್ ಕಂಪೆನಿಯ ವಿಶೇಷ ತಟ್ಟೆಯಂತ್ರವೂ ಬೇಕು. ಎರಡೂ ಸೇರಿ ಸುಮಾರು 5,000 ಪೌಂಡು. ಮಕ್ಕಳು ಬರೆದುದನ್ನು ಕೊಳ್ಳಲು ಅವರ ಶಾಲೆಗೇ ಶಕ್ತಿಯಿಲ್ಲ! ಹದಿನೈದು ವರ್ಷ ಕಳೆಯುವಷ್ಟರಲ್ಲಿ ಓದುವ ಯಂತ್ರಗಳೇ ಅಪರೂಪವಾದವು. ಚರ್ಮಪತ್ರದ ಮೇಲಿನ ಹಳೆಯ ಕಡತವೋ, ಲ್ಯಾಟಿನ್ ಬಲ್ಲವರಿಗೆ ಇಂದಿಗೂ ಓದಲು ಸಿಕ್ಕುತ್ತದೆ.

2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದವರು ಹೊಸ ಗಣಕದಿಂದ ಹಳೆಯದರ ವೇಷ ಕಟ್ಟಿಸಿ ಆ ತಟ್ಟೆಗಳನ್ನು ಮಾತನಾಡಿಸಿದರು. 2011ರಲ್ಲಿ ಬಿಬಿಸಿಯು ಊರುಗಳ ಬರಹವನ್ನು ಅಂತರಜಾಲದಲ್ಲಿಟ್ಟಿತು. 2018ರಲ್ಲಿ ಆ ತಾಣವನ್ನೂ ಮುಚ್ಚಿತು. ಹವ್ಯಾಸಿಗಳಾದರೋ ಬಿಡಲಿಲ್ಲ. ತಟ್ಟೆಯಿಂದ ಲೇಸರ್ ಓದುವ ಸಂಕೇತವನ್ನೇ ಇದ್ದಂತೆ ಸೆರೆಹಿಡಿವ ಉಪಕರಣವನ್ನು ತಾವೇ ನಿರ್ಮಿಸಿದರು. ಆದರೆ ಅದಕ್ಕೂ ತಿರುಗುವ ತಟ್ಟೆಯಂತ್ರ ಬೇಕಷ್ಟೆ. ಅದು ದೊರೆಯುವುದು ಅಟ್ಟದ ಮಹಾಶಯರಲ್ಲಿಯೇ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬಗೆಬಗೆಯ ತಂತ್ರಾಂಶಗಳಲ್ಲಿ ಬೆರಳಚ್ಚಾದ ಎಷ್ಟೋ ಕನ್ನಡ ಪ್ರಬಂಧಗಳು, ಪತ್ರಗಳು ಫ್ಲಾಪಿಗಳಲ್ಲಿ ಮಲಗಿವೆ. ಹೊಸ ಗಣಕಕ್ಕೆ ಫ್ಲಾಪಿ ತೂರಿಸುವ ಬಾಯಿಯೇ ಇಲ್ಲ. ಹೇಗೋ ತೆರೆದರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಈ ದೀಪಾವಳಿಗೆ ಮನೆ ಗುಡಿಸುವಾಗ ಅಂಥದೊಂದು ಸಿಕ್ಕರೆ, ತೊಟ್ಟಿಗೆ ಎಸೆಯುವ ಮುನ್ನ, ಬಳಗದಲ್ಲಿ ಯಾರಾದರೂ ಹಳೆಯ ಗಣಕವನ್ನು ಇನ್ನೂ ಇಟ್ಟುಕೊಂಡಿದ್ದಾರೆಯೇ ಎಂದು ವಿಚಾರಿಸಿರಿ.